ಪೊರ್ಬುಗಳು ಕತ್ತರಿಸಿದ ವಯರ್

ಮೊನ್ನೆ ಕೆಟ್ಟುಹೋದ ಮೊಬೈಲ್ ಚಾರ್ಜರೊಂದನ್ನು ಸುಮ್ಮನೆ ಕುತೂಹಲಕ್ಕೆ ಬಿಚ್ಚಿದೆ. ಒಳಗೆ ನಾಲ್ಕು ಕಾಲಿನ ಒಂದು ಕಪ್ಪು ತುಂಡು ಕೂತಿತ್ತು, ಹುಣಸೆ ಬೀಜದಷ್ಟೂ ಇಲ್ಲ. ಅದನ್ನು ಕಂಡದ್ದೇ ತಡ, ಕಡಿಯಾಳಿಯ ರೇಡಿಯೋ ರಿಪೇರಿ ಅಂಗಡಿಯ ಪೊರ್ಬುಗಳು ಕಣ್ಣ ಮುಂದೆ ಬಂದು ನಿಂತರು... ಕೊಂಕಣಿ ಕ್ರಿಶ್ಚಿಯನ್ನರನ್ನು ನಮ್ಮ ತುಳುವಿನಲ್ಲಿ ಹಾಗೆ ಕರೆಯುವುದು. ನನಗೆ ಅವರ ಬೇರೆ ಹೆಸರು ಬೇಕಾಗಲೇ ಇಲ್ಲ.

ಎಂಬತ್ತರ ದಶಕದ ಆರಂಭ. ನಾನು ಎರ್ಮಾಳಿನ ಐಸ್ ಪ್ಲಾಂಟೊಂದರಲ್ಲಿ ಆಪರೇಟರ್ ಆಗಿದ್ದೆ. ಕರೆಂಟಿನ ಮೂರು ಫೇಸ್‌ಗಳಲ್ಲಿ ಒಂದು ಹೋದರೂ ಮೋಟರು ಗುಂಯ್‌ಗುಟ್ಟಿ ಸುಟ್ಟುಹೋಗುತ್ತಿತ್ತು. ಒಂದು ಆಗಲೇ ಸುಟ್ಟಿತ್ತು. ಇನ್ನೊಂದು ಸುಟ್ಟರೆ ಬೇರೆ ಕೆಲಸ ನೋಡಿಕೊಳ್ಳಬೇಕೆಂದು ಧಣಿಗಳು ಹೇಳಿಬಿಟ್ಟಿದ್ದರು. ಫೇಸ್ ಹೋದದ್ದು ಆಫೀಸಿನಲ್ಲಿ ಕೂತಲ್ಲೇ ತಿಳಿಯಬೇಕು, ಆದರೆ ಉಪ್ಪುನೀರಿನಿಂದ ಸದಾ ಒದ್ದೆಯಾಗಿರುವ ಆ ಜಾಗಕ್ಕೆ ಮೂರು ಫೇಸನ್ನೂ ಎಳೆದು ತರಲು ನನಗೆ ಧೈರ್ಯವಿರಲಿಲ್ಲ. ಬಸ್ಸು ಹತ್ತಿ ಪೊರ್ಬುಗಳ ಹತ್ತಿರ ಹೋದೆ.

ಗಲ್ಫಿನಲ್ಲಿದ್ದ ತಮ್ಮನಿಂದ ತರಿಸಿದ್ದ, ಇದೇ ಜಾತಿಯ ಆದರೆ ಆರು ಕಾಲಿನ ತುಂಡೊಂದನ್ನು ಅವರು ಬಿಸ್ಕತ್ತಿನ ಡಬ್ಬಿಯಿಂದ ತೆಗೆದು ನನ್ನ ಅಂಗೈಯಲ್ಲಿಟ್ಟರು.

"ಇದರೊಳಗೆ ಎಂತ ಉಂಟು ಗೊತ್ತುಂಟಾ? ಈ ಕಡೆ ಒಂದು ಸಣ್ಣ ದೀಪ, ಆ ಕಡೆ ಒಂದು ಕಣ್ಣು. ನಡುವೆ ವಯರೇ ಇಲ್ಲ. ನೆರೆಮನೆಯಲ್ಲಿ ದೀಪ ಉಂಟಾ ಅಂತ ನೋಡ್ಲಿಕ್ಕೆ ಒಳಗೆ ನುಗ್ಗಬೇಕಾ ಮಾರಾಯ? ಕಿಟಕಿಯ ಗಾಜಿನಲ್ಲಿ ಕಂಡರೆ ಸಾಕಲ್ವಾ?"

ಫೇಸಿನ ಕರೆಂಟು ಒಂದು ದಪ್ಪ ರೆಸಿಸ್ಟರನ್ನು ದಾಟಿ, ತಗ್ಗಿ, ಆ ಸಣ್ಣ ದೀಪವನ್ನು ಹಚ್ಚುತ್ತದೆ. ಬೆಳಕು ಬಿದ್ದಷ್ಟು ಹೊತ್ತು ಆಚೆಯ ಕಣ್ಣು ಬ್ಯಾಟರಿಯ ಕರೆಂಟನ್ನು ಬಿಟ್ಟುಕೊಡುತ್ತದೆ, ಆಫೀಸಿನಲ್ಲಿ ಬಲ್ಬು ಉರಿಯುತ್ತದೆ. ಫೇಸ್ ಹೋದರೆ ಬಲ್ಬು ಆರಿ ಗಂಟೆ ಹೊಡೆಯುತ್ತದೆ. ದಾಟಿ ಬರುವುದು ಸುದ್ದಿ ಮಾತ್ರ, ಕರೆಂಟಲ್ಲ.

ಮೂರು ಫೇಸಿಗೆ ಮೂರು ತುಂಡು ಹಾಕಿ ಅವರು ಮಾಡಿಕೊಟ್ಟದ್ದನ್ನು, ಬಲ್ಬು, ಗಂಟೆಗಳಿದ್ದ ತಗಡಿನ ಡಬ್ಬಿಯ ಸಮೇತ, ನಾನೇ ಜೋಡಿಸಿದೆ. ವಯರ್ ಉಳಿಸುವುದೇ ಬುದ್ಧಿವಂತಿಕೆ ಎಂದು ನಂಬಿದ್ದ ಕಾಲ ಅದು. ಫೇಸಿನ ಕರೆಂಟು ವಾಪಸು ಹೋಗುವ ನ್ಯೂಟ್ರಲ್ಲಿಗೂ ಡಬ್ಬಿಗೆ ತಾಗಿದ್ದ ಬ್ಯಾಟರಿಯ ನೆಗೆಟಿವ್‌ಗೂ ಬೇರೆ ಬೇರೆ ವಯರ್ ಯಾಕೆಂದು ಎರಡನ್ನೂ ಒಂದಕ್ಕೇ ಸೇರಿಸಿದೆ. ಮೂರು ಬಲ್ಬೂ ಚೆಂದಕ್ಕೆ ಉರಿದವು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಆ ಭಾನುವಾರ ಇಗರ್ಜಿ ಮುಗಿಸಿಕೊಂಡು, ಬಿಳಿ ಅಂಗಿಯಲ್ಲೇ ಪೊರ್ಬುಗಳು ಬಂದರು. ನಾನು ಬಲ್ಬು ತೋರಿಸಿದೆ. ಅವರು ಬಲ್ಬಿನ ಕಡೆ ತಿರುಗಿಯೂ ನೋಡದೆ ಮೇಜಿನ ಕೆಳಗೆ ಬಗ್ಗಿದರು. ಎದ್ದಾಗ ಮುಖ ಕೆಂಪಾಗಿತ್ತು.

"ನಾನು ಗಾಜು ಇಟ್ಟುಕೊಟ್ಟೆ, ನೀನು ಪಕ್ಕದಲ್ಲೇ ಬಾಗಿಲು ತೆಗೆದಿಟ್ಟಿದ್ದಿ! ಹೊರಗೆ ಲೈನಿನಲ್ಲಿ ನ್ಯೂಟ್ರಲ್ ಕಡಿದುಹೋದರೆ ಈ ವಯರಿನಲ್ಲೇ ತಗಡಿನ ಡಬ್ಬಿಗೆ ಕರೆಂಟು ಬರ್ತದೆ. ಗಂಟೆ ನಿಲ್ಲಿಸ್ಲಿಕ್ಕೆ ಕೈ ಹಾಕುವವನು ಯಾರು? ನೀನೇ ಅಲ್ವಾ?"

ಇಕ್ಕಳದಿಂದ ಆ ವಯರನ್ನು ಕತ್ತರಿಸಿ ತುಂಡನ್ನು ನನ್ನ ಕಿಸೆಗೆ ತುರುಕಿದರು. ಎರಡು ಕಡೆಗೂ ಬೇರೆ ಬೇರೆ ವಯರ್ ಎಳೆದ ಮೇಲೆಯೇ ಚಾ ಕುಡಿದರು. ನನಗೆ ಮಾತ್ರ ಸಿಟ್ಟು. ಉರಿಯುತ್ತಿದ್ದ ಬಲ್ಬಿನಲ್ಲಿ ತಪ್ಪು ಹುಡುಕುವ ಮುದುಕ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಮಳೆಗಾಲ ಹಿಡಿದ ಮೇಲೆ ಒಂದು ಮಧ್ಯಾಹ್ನ ಗಾಳಿಗೆ ತೆಂಗಿನ ಮಡಲು ಲೈನಿನ ಮೇಲೆ ಬಿತ್ತು. ಗೋದಾಮಿನ ಬಲ್ಬು ಝಗ್ಗನೆ ಬೆಳಗಿ ಸುಟ್ಟುಹೋಯಿತು. ಆಫೀಸಿನ ಒಂದು ಬಲ್ಬು ಆರಿ ಗಂಟೆ ಹೊಡೆಯಿತು. ಓಡಿ ಮೋಟರು ನಿಲ್ಲಿಸಿ, ಐಸ್ ಹೊತ್ತ ಒದ್ದೆ ಕೈಯಲ್ಲೇ ಡಬ್ಬಿ ಹಿಡಿದು ಗಂಟೆ ನಿಲ್ಲಿಸಿದೆ. ಏನೂ ಆಗಲಿಲ್ಲ. ಆಮೇಲೆ ಬಂದ ಲೈನ್‌ಮ್ಯಾನ್ ಮೇಲೆ ನೋಡಿ ಹೇಳಿದ, "ನ್ಯೂಟ್ರಲ್ ಕಡಿದಿದೆ ನೋಡಿ."

ಆಫೀಸಿಗೆ ಹೋಗಿ ಮೇಜಿನ ಕೆಳಗೆ ಬಗ್ಗಿ, ಪೊರ್ಬುಗಳು ಬೇರೆ ಬೇರೆ ಎಳೆದಿದ್ದ ವಯರುಗಳನ್ನು ನೋಡಿದೆ.

ಮರುದಿನ ಕಡಿಯಾಳಿಗೆ ಹೋದೆ. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳು. ಪೊರ್ಬುಗಳು ಕನ್ನಡಕದ ಮೇಲಿಂದ ನೋಡಿ ಕೇಳಿದರು, "ಎಂತ, ಮೋಟರ್ ಸರಿ ಉಂಟಾ?"

"ಸರಿ ಉಂಟು" ಎಂದೆ. ಬೇಡದಿದ್ದರೂ ಸ್ವಲ್ಪ ಬೆಸುಗೆಯ ಸೀಸ ಕೊಂಡು ಬಂದುಬಿಟ್ಟೆ. ಇನ್ನೊಮ್ಮೆ ಹೋದಾಗ ಹೇಳಿದರಾಯಿತು ಅಂದುಕೊಂಡೆ... ಹೀಗೆ ಅಂದುಕೊಳ್ಳುತ್ತಲೇ ವರ್ಷಗಳು ಹೋದವು, ಪೊರ್ಬುಗಳೂ ಹೋದರು.

ಮೊಮ್ಮಗಳು ಚಾರ್ಜರಿನ ಆ ತುಂಡನ್ನು ಬೆರಳಲ್ಲಿ ಹಿಡಿದು, "ಅಜ್ಜ, ಇದು ಎಂತ?" ಎಂದಳು. ಕಪಾಟಿನಿಂದ ಗೇಣುದ್ದದ ಹಳೆಯ ವಯರೊಂದನ್ನು ತಂದು ಅವಳ ಮುಂದಿಟ್ಟು, ಪೊರ್ಬುಗಳಿಗೆ ಹೇಳದೆ ಉಳಿದದ್ದನ್ನೆಲ್ಲ ಅವಳಿಗೆ ಹೇಳಿದೆ.