ಆಲಿಕಲ್ಲಿನ ರಸ್ತೆಯಲ್ಲಿ ಮೂರು ಟ್ಯಾಂಕರು

ಸಾವಿರದ ಒಂಬೈನೂರ ತೊಂಬತ್ತಾರರಲ್ಲಿ ನಾನು ಶಾಲೆ ಬಿಟ್ಟೆ. ಏಳನೇ ಕ್ಲಾಸು. ಮರುವಾರವೇ ದೋಣಿಗಳು ಬಂದು ನಿಲ್ಲುವ ಮೀನಿನ ಧಕ್ಕೆಯಲ್ಲಿ ಐಸ್ ಒಡೆಯುವ ಕೆಲಸ. ಐಸಿನ ಪಾಠ ನಾನು ಕಾಲಡಿಯಿಂದಲೇ ಕಲಿತೆ: ಒಣಗಿ ಬೆಳ್ಳಗಿರುವುದು ಹಿಡಿತ ಕೊಡುತ್ತದೆ, ನೀರು ಜಿನುಗಿ ಹೊಳೆಯುವುದು ಬೀಳಿಸುತ್ತದೆ.

ಅದು ಸೌದಿಯಲ್ಲಿ ಉಪಯೋಗಕ್ಕೆ ಬಂತೆಂದರೆ ಊರಿನವರು ನಗುತ್ತಾರೆ. ನಾನಿರುವುದು ಅಭಾ ಪಟ್ಟಣದ ಮೇಲಿನ ಗುಡ್ಡದಲ್ಲಿ. ಪಿಕಪ್‌ನಲ್ಲಿ ಹೋಟೆಲುಗಳಿಗೆ ತರಕಾರಿ ಹಾಕುತ್ತೇನೆ. ಇಲ್ಲಿ ಆಲಿಕಲ್ಲು ಬಿದ್ದರೆ ರಸ್ತೆ ತುಂಬ ಉಪ್ಪು ಸುರಿದ ಹಾಗೆ.

ವಿಸಿಟ್ ವೀಸಾದಲ್ಲಿ ಬಂದು ಮೂರು ತಿಂಗಳಿದ್ದ ಹೆಂಡತಿ ಊರಿಗೆ ಹೊರಟ ದಿನವೇ ಅದು ಬಿತ್ತು. ವಿಮಾನ ಸಂಜೆಗೆ, ವೀಸಾ ಮುಗಿಯುವುದೂ ಅಂದೇ. ಇಳಿಜಾರಿನ ತಿರುವಿನಲ್ಲಿ ಗಾಡಿಗಳು ಇಂಜಿನ್ ಬಂದ್ ಮಾಡದೆ ಸಾಲಾಗಿ ನಿಂತಿದ್ದವು. ಸಾಲು ಸರಿದಾಗ ಅವು ನಿಂತಿದ್ದ ಜಾಗ ಕನ್ನಡಿಯಂತೆ ಹೊಳೆಯಿತು. ಇಂಜಿನ್ನಿನ ಬಿಸಿ ಮೇಲ್ಮೈಯನ್ನಷ್ಟೇ ಕರಗಿಸಿತ್ತು. ಟಯರು ತುಳಿದು ಗಟ್ಟಿಯಾದ ಐಸು ಅಡಿಯಲ್ಲಿ ಹಾಗೇ ಇತ್ತು. ನಾನು ಬದಿಗೆ ನಿಲ್ಲಿಸಿದೆ.

"ಎಂತ ಮಾರಾಯ್ರೆ, ನಿಲ್ಲಿಸಿದ್ದು? ಎಲ್ಲರೂ ಹೋಗ್ತಾ ಇದ್ದಾರಲ್ಲ!"

"ಅದು ಹೋಗುವುದಲ್ಲ, ಜಾರುವುದು. ದಿನಾ ಈ ದಾರಿಯಲ್ಲಿ ಹೋಗುವ ನೀರಿನ ಟ್ಯಾಂಕರುಗಳು ಬರಲಿ. ಭಾರದ ಗಾಡಿ ನಿಲ್ಲದೆ ಓಡಿದರೆ ತೂಕಕ್ಕೆ, ಟಯರಿನ ಬಿಸಿಗೆ ಡಾಮರು ಕಾಣ್ತದೆ."

"ವಿಮಾನ ನಿಮ್ಮ ಟ್ಯಾಂಕರಿಗೆ ಕಾಯ್ತದಾ?"

ಮೊದಲನೆಯದು ಹೋಯಿತು, ಬಿಳಿಯಲ್ಲಿ ಎರಡು ಬೂದು ಗೆರೆ. ಎರಡನೆಯದೂ ಹೋಯಿತು.

"ಈಗ?"

"ಇನ್ನೊಂದು."

"ನಂಗೆ ಗೊತ್ತುಂಟು. ನನ್ನನ್ನು ಕಳಿಸಲಿಕ್ಕೆ ನಿಮಗೆ ಮನಸ್ಸಿಲ್ಲ. ಸುಮ್ಮನೆ ತಪ್ಪನ್ನು ಐಸಿನ ಮೇಲೆ ಹಾಕ್ಬೇಡಿ."

ಅವಳು ಫ್ಲಾಸ್ಕಿನ ಚಹಾ ಬಗ್ಗಿಸಿ ನನ್ನ ಕೈಗಿಟ್ಟಳು, ಗಡಿಯಾರ ನೋಡಿದಳು, ಮತ್ತೆ ನೋಡಿದಳು.

ಮೂರನೇ ಟ್ಯಾಂಕರು ಹೋದ ಮೇಲೆ ಗೆರೆ ಕಪ್ಪಾಯಿತು, ಸಣ್ಣಗೆ ಹಬೆಯಾಡಿತು. ಚಕ್ರಗಳನ್ನು ಆ ಜಾಡಿನಲ್ಲಿಟ್ಟು, ಬ್ರೇಕ್ ಮುಟ್ಟದೆ, ಎರಡನೇ ಗೇರಿನಲ್ಲಿ ಇಳಿಸಿದೆ. ಅವಳು ನನ್ನ ತೋಳಿನ ಬಟ್ಟೆ ಹಿಡಿದಿದ್ದಳು. ಸಪಾಟು ರಸ್ತೆ ಬಂದರೂ ಬಿಡಲಿಲ್ಲ.

ವಿಮಾನ ನಿಲ್ದಾಣದಲ್ಲಿ ಕೌಂಟರು ಮುಚ್ಚುವ ಹೊತ್ತು. ಬ್ಯಾಗು ಎಳೆದುಕೊಂಡು ಓಡಿದವಳು ಬಾಗಿಲಲ್ಲಿ ತಿರುಗಿ, "ನಾಲ್ಕನೇ ಟ್ಯಾಂಕರಿಗೆ ಕಾದಿದ್ದರೆ ನಾನು ಇಲ್ಲೇ ಬಾಕಿ!" ಎಂದು ನಕ್ಕಳು.

ಎರಡೇ ಸಾಕಿತ್ತೋ, ಮೂರು ಬೇಕಿತ್ತೋ? ಐಸಿನ ವಿಷಯದಲ್ಲಿ ನನಗೆ ಉತ್ತರ ಗೊತ್ತಿಲ್ಲದ್ದು ಅದೊಂದೇ ಸಲ.

ಈಗ ನನ್ನಲ್ಲಿ ಒಂದು ಪಿಕಪ್ ಇದೆ, ಹದಿನಾಲ್ಕು ಹೋಟೆಲುಗಳ ಗಿರಾಕಿ ಇದೆ, ಒಂದು ಕೋಣೆ, ಎರಡು ತಲೆದಿಂಬು, ಒಂದು ಅವಳದು.