ಎಂ.ಎ.ಗೆ ಕೇಳಿದ ಹೂವು

ಎರಡು ಕಾಗದಗಳೂ ಒಂದೇ ವಾರದಲ್ಲಿ ಬಂದವು. ಮೊದಲನೆಯದು ಸರ್ಕಾರದ್ದು. ದ್ವಿತೀಯ ದರ್ಜೆ ಸಹಾಯಕಿಯಾಗಿ ನಾನು ಆಯ್ಕೆಯಾಗಿದ್ದೇನೆ, ತಿಂಗಳೊಳಗೆ ಕೆಲಸಕ್ಕೆ ಹಾಜರಾಗಬೇಕು ಎಂದಿತ್ತು. ಎರಡನೆಯದು ಹೈದರಾಬಾದಿನ ಒಂದು ವಿಶ್ವವಿದ್ಯಾಲಯದಿಂದ. ಅರ್ಥಶಾಸ್ತ್ರದ ಎಂ.ಎ.ಗೆ ಸೀಟು, ಫೀಸಿಲ್ಲ, ಹಾಸ್ಟೆಲ್ಲಿಗೆ ಕೊಡುವುದೇನೂ ಇಲ್ಲ, ಮೇಲೆ ತಿಂಗಳು ತಿಂಗಳು ವಿದ್ಯಾರ್ಥಿವೇತನ. ಒಪ್ಪಿಗೆ ಪತ್ರ ಎರಡು ವಾರದೊಳಗೆ ತಲುಪದಿದ್ದರೆ ಸೀಟು ಬೇರೆಯವರಿಗೆ.

ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ಮೊದಲನೆಯ ಕಾಗದಕ್ಕೆ ಅರಿಸಿನ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟರು. ಎರಡನೆಯದು ರೇಡಿಯೋ ಮೇಲೆ ಇತ್ತು. ಅದರ ಮೇಲೆ ಯಾರೋ ಎರಡು ದಿನ ಕಾಫಿ ಲೋಟ ಇಟ್ಟಿದ್ದರು.

ಅಪ್ಪ ಬೇಗೂರಿನಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರು. ಸರ್ಕಾರಿ ಕೆಲಸ ಎಂದರೆ ಅವರಿಗೆ ಬರೀ ಸಂಬಳವಲ್ಲ. ತಮ್ಮ ಅಪ್ಪ ಇನ್ನೊಬ್ಬರ ಹೊಲದಲ್ಲಿ ಕೂಲಿ ಮಾಡಿದ್ದನ್ನು ನೋಡಿ ಬೆಳೆದವರು ಅವರು. ಹಾಗಾಗಿ ನಾನು ಎದುರು ಮಾತಾಡಿದರೆ ಅವರ ಮಾತಿಗಲ್ಲ, ಆ ಇಡೀ ಬದುಕಿಗೇ ಎದುರು ಮಾತಾಡಿದ ಹಾಗೆ ಎಂದು ನನಗೆ ಅನಿಸುತ್ತಿತ್ತು. ಅದಕ್ಕೇ ನಾನು ಏನೂ ಹೇಳಲಿಲ್ಲ. ಸುಮ್ಮನಿದ್ದವಳನ್ನು ನಮ್ಮಲ್ಲಿ ಒಪ್ಪಿದವಳು ಎಂದೇ ತಿಳಿಯುತ್ತಾರೆ.

"ದುಡ್ಡೂ ಕೊಟ್ಟು ಓದುಸ್ತಾರಂತಾ?" ಎಂದು ಅವ್ವ ಮೂರನೇ ಸಲ ಕೇಳಿದಳು.

"ಹೂಂ."

"ಯಾಕಂತೆ?"

ಪುಕ್ಕಟೆ ಎಂದರೆ ಸುಲಭವಾಗಿ ಕಳಿಸುತ್ತಾರೆ ಎಂದು ನಾನು ಲೆಕ್ಕ ಹಾಕಿದ್ದೆ. ಆಗಿದ್ದು ಉಲ್ಟಾ. ನಾವೇ ಕಟ್ಟಬೇಕು ಎಂದಿದ್ದರೆ ಅದೊಂದು ಮಾಮೂಲಿ ಕಾಲೇಜು ಅನ್ನಿಸುತ್ತಿತ್ತೇನೋ. ಅವರೇ ಕೊಡುತ್ತಾರೆ ಅಂದಕೂಡಲೇ ಅದರ ಹಿಂದೆ ಏನೋ ಇದೆ ಎಂದು ಮನೆಯವರಿಗೆಲ್ಲ ಗುಮಾನಿ ಬಂತು.

"ಸುಮ್ಸುಮ್ನೆ ಯಾರಮ್ಮಿ ಕೊಟ್ಟಾರು? ಬಾಂಡ್ ಗೀಂಡ್ ಬರಿಸ್ಕೊಂಡು ಅಲ್ಲೇ ಇಟ್ಕೊಬುಟ್ರೆ?" ಎಂದರು ಅಪ್ಪ.

ಕಾಗದದಲ್ಲಿ ಬಾಂಡಿನ ಮಾತೇ ಇರಲಿಲ್ಲ. ಅದನ್ನು ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಹೇಳಿ, ಮತ್ತೆ ಓದಿದೆ. ಇಲ್ಲದ್ದನ್ನು ತೋರಿಸುವುದು ಹೇಗೆ?

ಅವ್ವನಿಗೆ ಒಂದು ಸಲ ಬಿಡಿಸಿ ಹೇಳಲು ನೋಡಿದೆ. ತೆರಕಣಾಂಬಿ ಮಾರ್ಕೆಟ್ಟಿನಲ್ಲಿ ಬೆಳಿಗ್ಗೆ ಕೇಳುವವರಿಲ್ಲದ ಬೀನ್ಸ್ ಮಧ್ಯಾಹ್ನ ಕೇರಳದಲ್ಲಿ ಇಳಿಯುವಷ್ಟರಲ್ಲಿ ಎರಡು ಪಟ್ಟು ಬೆಲೆಗೆ ಹೋಗುತ್ತದಲ್ಲ, ನಡುವೆ ಏನಾಗುತ್ತದೆ, ಯಾರಿಗೆ ಎಷ್ಟು ಸೇರುತ್ತದೆ, ಅಂಥದ್ದನ್ನು ಸರಿಯಾಗಿ ತಿಳಿದುಕೊಳ್ಳುವ ಓದು ಅದು ಎಂದೆ. ನನ್ನ ಮಟ್ಟಿಗೆ ಅದು ಉದ್ದದ ಭಾಷಣ.

ಅವ್ವ ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡಳು. "ಅದ್ನ ತಿಳ್ಕೊಳಕ್ಕೆ ಐದ್ರಾಬಾದ್‌ಗಂಟ ಯಾಕೋಗ್ಬೇಕು? ಲಾರಿ ಡ್ರೈವರ್ನ ಕೇಳುದ್ರೆ ಏಳಾನು" ಎಂದಳು.

ಚಾಮರಾಜನಗರಕ್ಕೆ ಹೋಗಿ ನನ್ನ ಲೆಕ್ಚರರ್ ಅವರನ್ನು ಕಂಡೆ. ಬಿ.ಎ. ಮೂರು ವರ್ಷ ನನಗೆ ಅರ್ಥಶಾಸ್ತ್ರ ಕಲಿಸಿದವರು, ಅರ್ಜಿ ಹಾಕಿಸಿದವರೂ ಅವರೇ. ಬಂದು ಅಪ್ಪನ ಜೊತೆ ಒಂದು ಮಾತಾಡಿ ಸಾರ್ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನನ್ನನ್ನ ಕೇಳಿದ್ರೆ ಹೋಗು ಅಂತೀನಮ್ಮ. ಆದ್ರೆ ಕೈಗೆ ಬಂದ ಸರ್ಕಾರಿ ಕೆಲಸ ತಪ್ಪಿಸಿದವನು ಅಂತ ನಾಳೆ ನಿಮ್ಮಪ್ಪ ನನ್ನ ಬೈಯೋದು ಬೇಡ." ಅರ್ಜಿ ಹಾಕಿಸುವಾಗ ಇಲ್ಲದ ಈ ಹೆದರಿಕೆ ಎಲ್ಲಿಂದ ಬಂತೋ. ಸರಿ ಸಾರ್ ಎಂದು ಎದ್ದು ಬಂದೆ.

ಗಡುವನ್ನಾದರೂ ಮುಂದಕ್ಕೆ ಹಾಕಿಸೋಣ ಎಂದು ಗುಂಡ್ಲುಪೇಟೆ ಬಸ್‌ಸ್ಟ್ಯಾಂಡ್ ಎದುರಿನ ಎಸ್‌ಟಿಡಿ ಬೂತಿಗೆ ಹೋದೆ. ಆ ಕಡೆ ಫೋನೆತ್ತಿದವರು ಒಂದು ನಿಮಿಷ ಎಂದರು. ಮೀಟರಿನ ಕೆಂಪು ಅಂಕಿಗಳು ಓಡುತ್ತಲೇ ಇದ್ದವು. ಆಮೇಲೆ ಲೈನೇ ಇಲ್ಲ. ಬೂತಿನ ಮಲಯಾಳಿ ಯಜಮಾನರು "ಕಟ್ಟಾಯ್ತು ಮೋಳೇ, ಇನ್ನೊಂದ್ಸಲ ನೋಡ್ತೀರಾ?" ಎಂದರು. ಕೈಯಲ್ಲಿದ್ದ ದುಡ್ಡು ಅಷ್ಟೇ. ಬೇಡ ಎಂದೆ.

ಗಡುವಿಗೆ ಒಂದು ವಾರ ಉಳಿದಿದ್ದಾಗ ಅಪ್ಪ ತೀರ್ಮಾನಿಸಿದರು: ಮನೆದೇವರ ಹತ್ತಿರ ಹೂವು ಕೇಳುವುದು.

ನಮ್ಮ ಮನೆದೇವರು ಹರವೆ ಹತ್ತಿರದ ಒಂದು ಸಣ್ಣ ಊರಿನ ಮಾರಮ್ಮ. ಮದುವೆಗೆ, ಬೋರ್‌ವೆಲ್ಲಿಗೆ, ಮನೆ ಪಾಯಕ್ಕೆ, ಎಲ್ಲಕ್ಕೂ ನಮ್ಮವರು ಅಲ್ಲಿ ಹೂವು ಕೇಳುತ್ತಾರೆ. ಪೂಜಾರಿಯು ಮಾರಮ್ಮನ ವಿಗ್ರಹದ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸುತ್ತಾರೆ. ಕೇಳಬೇಕಾದ್ದನ್ನು ಮನಸ್ಸಿನಲ್ಲಿ ಕೇಳಿಕೊಂಡು ಕೈಮುಗಿದು ನಿಲ್ಲಬೇಕು. ಬಲಗಡೆಯದು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ನನ್ನ ಮುಂದಿನ ಎರಡು ವರ್ಷ ಒಂದು ಕಣಗಿಲೆ ಹೂವಿನ ತೂಕಕ್ಕೆ ಬಿತ್ತಲ್ಲ ಎಂದು ಹೊಟ್ಟೆ ಉರಿಯಿತು. ಆದರೂ ಮಂಗಳವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಹೊರಟೆ.

ಚಾಮರಾಜನಗರದಿಂದ ಅತ್ತೆ, ಅಪ್ಪನ ಅಕ್ಕ, ನೇರ ಅಲ್ಲಿಗೇ ಬಂದಿದ್ದರು. ಕಾಲೇಜಿನ ಮೂರು ವರ್ಷ ನಾನು ಇದ್ದದ್ದು ಅವರ ಮನೆಯಲ್ಲೇ. ನಾಲ್ವರೂ ಸಾಲಾಗಿ ನಿಂತೆವು. ಪೂಜಾರಿ ಹೂವು ಅಂಟಿಸಿ "ಕೇಳ್ಕಳಿ" ಎಂದರು. ನಾನು ಏನೂ ಕೇಳಿಕೊಳ್ಳಲಿಲ್ಲ. ಯಾವ ಹೂವಿನಿಂದ ನೀರು ಹೆಚ್ಚು ಇಳಿಯುತ್ತಿದೆ ಎಂದು ನೋಡುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಬಲಗಡೆಯದು ಜಾರಿ ಬಿತ್ತು.

"ಕೊಟ್ಬುಟ್ಲು ನೋಡಿ ತಾಯಿ, ಕೇಳಿದ್‌ತಕ್ಷಣ!" ಎಂದರು ಪೂಜಾರಿ. ಅವ್ವನ ಕಣ್ಣಲ್ಲಿ ನೀರು. ಅಪ್ಪ ಹೂವನ್ನು ಕಣ್ಣಿಗೊತ್ತಿಕೊಂಡು ಅಂಗಿ ಜೇಬಿಗಿಟ್ಟರು. ಅತ್ತೆ ಕೆನ್ನೆ ಬಡಿದುಕೊಂಡರು. ಎಲ್ಲರ ಮುಖದಲ್ಲೂ ಗೆಲುವಿತ್ತು. ಹಾಗಾದರೆ ಮುಗಿಯಿತು, ಹೈದರಾಬಾದಿಗೆ ಹೋಗುವುದೇ ಸರಿ ಎಂದು ನಾನು ಅಂದುಕೊಂಡೆ. ಅಪ್ಪ ಇಷ್ಟು ಸುಲಭವಾಗಿ ಒಪ್ಪಿದ್ದು ಮಾತ್ರ ಆಶ್ಚರ್ಯವಾಗಿತ್ತು.

ಹರವೆಗೆ ಬಂದು ಟೀ ಅಂಗಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಅಪ್ಪ ಸಾಸರಿಗೆ ಟೀ ಬಗ್ಗಿಸಿಕೊಂಡು, "ಇನ್ನೇನು ಯೋಚ್ನೆ ಇಲ್ಲ. ಸೋಮವಾರವೇ ಡ್ಯೂಟಿ ರಿಪೋರ್ಟ್ ಮಾಡ್ಕಳ್ಳಮ್ಮಿ" ಎಂದರು.

ಅವ್ವ ತಿರುಗಿದಳು. "ಯಾವ್ ಡ್ಯೂಟಿ? ಅಮ್ಮ ಓಗು ಅಂತ ಬಲಗಡೆ ಕೊಟ್ಲಲ್ಲ!"

"ಎಲ್ಲಿಗೆ ಹೋಗು ಅಂದ್ಲು? ನಾನು ಕೇಳಿದ್ದು ಕೆಲಸಕ್ಕೆ ಸೇರಿಸ್ಲಾ ಅಂತ."

"ನಾ ಕೇಳಿದ್ದು ಐದ್ರಾಬಾದ್‌ಗೆ ಕಳುಸ್ಲಾ ಅಂತ!"

ಅವ್ವ ಅದನ್ನು ಕೇಳಿದ್ದಳು. ಸೊಪ್ಪು ಬಿಡಿಸುತ್ತ ಲಾರಿ ಡ್ರೈವರನನ್ನು ಕೇಳು ಎಂದವಳು. ಮನೆಯಲ್ಲಿ ಒಂದು ಮಾತು ಆಡಿದ್ದರೆ ಏನಾಗುತ್ತಿತ್ತು ಎಂದು ಅವಳ ಮೇಲೂ ಸಿಟ್ಟು ಬಂತು.

ಅಪ್ಪ ಸಾಕ್ಷಿಗೆ ಅಕ್ಕನ ಕಡೆ ನೋಡಿದರು. "ನೀನೇನು ಕೇಳ್ಕಂಡೆ ಹೇಳಕ್ಕಯ್ಯ."

ಅತ್ತೆ ಬನ್ನು ಅದ್ದಿ ತಿನ್ನುತ್ತಿದ್ದರು. "ನಾನಾ? ನನ್ ಕಣ್ಣಾಪ್ರೇಸನ್ ಮಾಡುಸ್ಕಳ್ಳಾ ಬ್ಯಾಡ್ವಾ ಅಂತ ಕೇಳ್ಕಂಡಿ."

ಅಂಗಡಿಯವನು ಬಾಯಿಗೆ ಟವಲ್ ಅಡ್ಡ ಹಿಡಿದ. "ಒಂದ್ ಊವ್ಗೆ ಮೂರ್ ಕೆಲ್ಸ ಅಚ್ಚುದ್ರಲ್ಲ ಯಜಮಾನ್ರೇ, ಅಮ್ಮುಂಗೂ ಲೋಡು ಜಾಸ್ತಿ ಆಯ್ತು" ಎಂದ. ಬೆಂಚಿನ ಮೇಲಿದ್ದ ಇಬ್ಬರು ಗೊಳ್ಳೆಂದರು. ಅಪ್ಪ ನಗಲಿಲ್ಲ. ಮತ್ತೆ ಗುಡಿಗೆ ಹೋಗಿ ಕೇಳೋಣ ಎಂದರು. "ಕೊಟ್ಟಿದ್ಮೇಲೆ ತಿರ್ಗಾ ಕೇಳುದ್ರೆ ಮುನುಸ್ಕತಾಳೆ, ನಿಂಗೊತ್ತಿಲ್ವಾ?" ಎಂದು ಅವ್ವ ತಡೆದಳು.

ಸೀಟು ಕೊಡುವವರು ಇದ್ದಾರೆ, ಅದು ಬೇಕೆನ್ನುವವಳು ಇದ್ದಾಳೆ. ಆದರೂ ಹರವೆಯ ಟೀ ಅಂಗಡಿಯ ಮುಂದೆ ಗುರುತಿಲ್ಲದವರು ನಗುತ್ತಿದ್ದಾರೆ. ನಾನು ರಸ್ತೆಯ ಕಡೆ ನೋಡುತ್ತ ನಿಂತೆ. ಬಸ್ಸು ಬಂದರೆ ಸಾಕಿತ್ತು.

ಆಗ ಅತ್ತೆ ಕೈ ಒರೆಸಿಕೊಂಡು ಹೇಳಿದರು: "ಕಿತ್ತಾಡ್ಬ್ಯಾಡಿ. ಯಾರ್ ಇಸ್ಯಕ್ಕೆ ಊವು ಕೇಳಕ್ಬಂದ್ರೋ ಅವ್ರು ಕೇಳ್ಕಂಡುದ್ದೇ ಲೆಕ್ಕ. ನಮ್ಮವ್ವ ಅಂಗೇ ಏಳ್ತಿದ್ಲು. ನಿನ್ನ ಇಸ್ಯ ತಾನೇ, ನೀನೇನು ಕೇಳ್ಕಂಡೆ ಏಳಮ್ಮಿ."

ಮೂವರೂ ನನ್ನ ಕಡೆ ತಿರುಗಿದರು. ಅಂಗಡಿಯವನೂ. ಇಷ್ಟು ದಿನದಲ್ಲಿ ಮೊದಲ ಸಲ ಯಾರೋ ನನ್ನನ್ನು ಏನು ಎಂದು ಕೇಳಿದ್ದರು. ಅದೂ ನನಗೇನು ಬೇಕು ಎಂದಲ್ಲ, ದೇವರ ಹತ್ತಿರ ಏನು ಕೇಳಿದೆ ಎಂದು.

"ಎಂ.ಎ.ಗೆ ಹೋಗಲಾ ಅಂತ ಕೇಳಿದೆ," ಎಂದೆ.

ಸುಳ್ಳು. ನಾನು ನೀರಿನ ಹನಿ ನೋಡುತ್ತಿದ್ದೆ.

ಅಪ್ಪ ಸಾಸರನ್ನು ಬೆಂಚಿನ ಮೇಲಿಟ್ಟರು. ಬಸ್ಸು ಬಂದಾಗ, "ಅಮ್ಮನೇ ಕೊಟ್ಮೇಲೆ ಇನ್ನೇನು, ಹೋಗಮ್ಮಿ" ಎಂದರು. ಅವರು ವಾದ ಮಾಡಿದ್ದರೆ ನಾನೂ ಮಾಡಬಹುದಿತ್ತು. ನಾಲ್ಕು ಮಾತು ಜೋಡಿಸಿಟ್ಟುಕೊಂಡೂ ಇದ್ದೆ. ಆದರೆ ಮಾರಮ್ಮನ ಮಾತೆಂದು ಒಪ್ಪಿಬಿಟ್ಟರು. ನನ್ನ ಮಾತೆಂದು ಅಲ್ಲ.

ಮಾರನೆಯ ದಿನ ಸ್ಕೂಲಿಗೆ ಅರ್ಧ ದಿನ ರಜ ಹಾಕಿ ಪೋಸ್ಟಾಫೀಸಿಗೆ ನನ್ನ ಜೊತೆ ಬಂದರು. ಲಕೋಟೆಯ ಮೇಲಿನ ವಿಳಾಸವನ್ನು ಮಕ್ಕಳ ಕಾಪಿ ತಿದ್ದುವ ಹಾಗೆ ಒಂದೊಂದೇ ಅಕ್ಷರ ನೋಡಿದರು. ಕ್ಯೂನಲ್ಲಿ ನಿಂತಿದ್ದಾಗ ಕೇಳಿದರು.

"ನಿಜವಾಗ್ಲೂ ಅದನ್ನೇ ಕೇಳಿದ್ಯಾ?"

"ಹೂಂ."

"ಅಷ್ಟು ಆಸೆ ಇದ್ರೆ ಮೊದ್ಲೇ ನನ್ಹತ್ರ ಹೇಳ್ಬೋದಿತ್ತಲ್ಲಮ್ಮಿ."

ನೀವು ಕೇಳಿದ್ದರೆ ಹೇಳುತ್ತಿದ್ದೆ ಎಂಬ ಮಾತು ಬಾಯಿವರೆಗೆ ಬಂತು. ಅದು ನಿಜವೋ ಎಂದು ಯೋಚಿಸಿದೆ. ನಿಜವೆಂದು ಖಾತ್ರಿಯಾಗಲಿಲ್ಲ. ಇಷ್ಟು ದಿನ ನಾನು ಲೆಕ್ಚರರ್ ಕೈಲಿ ಹೇಳಿಸಲು ಹೋಗಿದ್ದೆ, ಫೋನಿನಲ್ಲಿ ಗಡುವು ಮುಂದೂಡಿಸಲು ಹೋಗಿದ್ದೆ. ಅಪ್ಪನ ಎದುರು ಕೂತು, ನನಗೆ ಇದು ಬೇಕು ಎಂದು ಒಂದು ಸಲವೂ ಅಂದಿರಲಿಲ್ಲ. ಅವರ ಮೇಲಿನ ಸಿಟ್ಟು ಹಾಗೇ ಇತ್ತು. ಅದರ ಪಕ್ಕದಲ್ಲಿ ನನ್ನ ಮೇಲಿನದೂ ಬಂದು ಕೂತಿತು.

ನಮ್ಮ ಸರದಿ ಬಂತು. ಗುಮಾಸ್ತರು ಲಕೋಟೆ ತೂಗಿ, ಸ್ಟಾಂಪು ಹಚ್ಚಿ, ರಿಜಿಸ್ಟರ್ ಮಾಡಿ ರಸೀತಿ ಹರಿದರು. ಅಪ್ಪ ಅದನ್ನು ಇಸಿದುಕೊಂಡು, ನಾಲ್ಕು ಮಡಿಕೆ ಮಾಡಿ ತಮ್ಮ ಜೇಬಿಗೆ ಹಾಕಿಕೊಂಡರು.

"ಅಪ್ಪ, ಅದು ನನಗೆ ಬೇಕು. ಕೊಡಿ," ಎಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ತೆಗೆದು ಕೊಟ್ಟರು.