ಹುಟ್ಟದ ಕೂಸಿನ ಹಕ್ಕು

ಕೃಷ್ಣೆಯಲ್ಲಿ ಹರಿಗೋಲು ಮಗುಚಿ ನನ್ನ ಗಂಡ ತೀರಿಕೊಂಡಾಗ ನನಗೆ ಐದು ತಿಂಗಳು. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ತಿಂಥಣಿಯ ಹತ್ತಿರ ಹೊಳೆದಂಡೆಯ ಹೊಲ ಅಣ್ಣತಮ್ಮ ಇಬ್ಬರದೂ, ಇನ್ನೂ ಪಾಲಾಗಿರಲಿಲ್ಲ. ದಿನಕರ್ಮ ಮುಗಿದದ್ದೇ ತಡ, ಗಂಡನ ಅಣ್ಣ ಸುರಪುರದ ತಹಸೀಲಿಗೆ ಅರ್ಜಿ ಹಾಕಿದ. ತಮ್ಮನಿಗೆ ವಾರಸುದಾರರಿಲ್ಲ, ಹೊಲವೆಲ್ಲ ತನ್ನ ಹೆಸರಿಗಾಗಲಿ ಎಂದು ಬರೆಸಿದ್ದ. ನನ್ನ ಹೊಟ್ಟೆ ಅವನ ಕಣ್ಣೆದುರಿಗೇ ಬೆಳೆಯುತ್ತಿತ್ತು.

ಊರ ಕುಲಕರ್ಣಿ ಬಾಗಿಲಿಗೆ ಬಂದು ಹೇಳಿದರು: "ತಂಗೀ, ಹುಟ್ಟೂ ಕೂಸಿನ ಪರವಾಗಿ ನೀನೂ ಅರ್ಜಿ ಹಾಕು. ಮುದ್ದತ್ ಮುಗದ್ರ ಯಾರೂ ಕೇಳಂಗಿಲ್ಲ."

ಅರ್ಜಿ ಉರ್ದುವಿನಲ್ಲಿ ಬರೆದರು. ನನಗಾಗ ಯಾವ ಅಕ್ಷರವೂ ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತಿದೆ.

ವಿಚಾರಣೆಯ ದಿನ ಸೂಲಗಿತ್ತಿಯನ್ನು ಕರೆದುಕೊಂಡು ಹೋದೆ. ಅತ್ತೆಯೂ ಬಂದಳು, ಆದರೆ ಹಿರಿಮಗನ ಬಂಡಿಯಲ್ಲಿ. ನನ್ನ ಗಂಡ ಸತ್ತಾಗಿನಿಂದ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಳು. ಕಚೇರಿಯ ಕಡತಗಳ ಕೋಣೆಯಲ್ಲಿ ನನ್ನನ್ನು ನಿಲ್ಲಿಸಿ ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿದಳು. ಬಾಗಿಲಿಗೆ ಪರದೆಯಿರಲಿಲ್ಲ. ಜವಾನನೊಬ್ಬ ಗೋಡೆಯ ಕಡೆ ಮುಖ ತಿರುಗಿಸಿ ನಿಂತ, ಅವನ ಉಪಕಾರ ನಾನು ಮರೆತಿಲ್ಲ.

"ಆರು ತುಂಬಿ ಏಳರಾಗ ಬಿದ್ದಾವ್ರಿ," ಎಂದಳು ಸೂಲಗಿತ್ತಿ.

ಆಗ ಭಾವ ಬಾಯಿಬಿಟ್ಟ: "ಇರಬಹುದ್ರಿ ಸಾಹೇಬ್ರ. ಆದ್ರ ಅದು ನನ್ನ ತಮ್ಮಂದಲ್ಲ."

ಹಿಂದೆ ಕೂತಿದ್ದ ಅತ್ತೆ ಎದ್ದು ಮುಂದೆ ಬಂದಳು.

"ಸತ್ತಾವನ್ನೂ ನಾನ ಹಡದೀನ್ರಿ, ಈ ಸುಳ್ಳನ್ನೂ ನಾನ ಹಡದೀನಿ. ಇಕೀ ಬಯಕಿಗೆ ಅಂತ ಸಣ್ಣಾವ ಹುಣಸಿ ಗಿಡ ಹತ್ತಿ ಕಾಯಿ ತಂದಿದ್ದ. ಅದ್ರಾಗ ಇವನೂ ತಿಂದಾನ. ಕೇಳ್ರಿ ಅವನ್ನ."

ಹೆತ್ತ ತಾಯಿಯ ಮಾತು ನಿಂತಿತು. ತಹಸೀಲ್ದಾರರು ಹೇಳಿದ್ದನ್ನು ಗುಮಾಸ್ತ ಕನ್ನಡದಲ್ಲಿ ತಿಳಿಸಿದ: ಹೆರಿಗೆಯಾಗುವ ತನಕ ಹೊಲ ಯಾರ ಹೆಸರಿಗೂ ಇಲ್ಲ. ಗಂಡು ಹುಟ್ಟಿದರೆ ಅರ್ಧ ಅದಕ್ಕೆ. ಹೆಣ್ಣಾದರೆ ಪೂರ್ತಿ ದೊಡ್ಡಪ್ಪನಿಗೆ, ತಾಯಿಮಗಳಿಗೆ ಹೊಟ್ಟೆಬಟ್ಟೆ ಮಾತ್ರ.

ಭಾವ ತಾಯಿಯನ್ನು ಬಿಟ್ಟು ಬಂಡಿ ಹೊಡೆದುಕೊಂಡು ಹೋದ. ನಾವು ಮೂವರೂ ನಡೆದೆವು. ಮನೆಯಲ್ಲಿ ಅತ್ತೆಯ ಹಾಸಿಗೆ ಅಂಗಳದಲ್ಲಿ ಬಿದ್ದಿತ್ತು. ಅವಳು ಅದನ್ನು ಹೊತ್ತು ಭಾವ ನನ್ನನ್ನು ಮೊದಲೇ ದಬ್ಬಿದ್ದ ದನದ ಕೊಟ್ಟಿಗೆಗೆ ಬಂದಳು.

ಉಳಿದ ತಿಂಗಳೆಲ್ಲ ನಾನು ಮೌನೇಶ್ವರನಿಗೆ ಒಂದೇ ಮಾತು ಬೇಡಿದೆ: ಗಂಡಾಗಲಿ. ಒಳಗೆ ಕೂಸು ಒದ್ದಾಗೆಲ್ಲ ಖುಷಿಯಾಗುವ ಬದಲು ಅಂಜಿಕೆಯಾಗುತ್ತಿತ್ತು.

ಹೆಣ್ಣು ಹುಟ್ಟಿತು. ಸೂಲಗಿತ್ತಿ ಹೊಕ್ಕುಳು ಕೊಯ್ದು ಮೆಲ್ಲಗೆ, "ಗಂಡಂತ ಬರಸೋಣೇನು? ನಾ ಬಾಯಿ ಬಿಡಂಗಿಲ್ಲ," ಎಂದಳು. ನಾನು ಅತ್ತೆಯ ಮುಖ ನೋಡಿದೆ. ಅವಳು ಕೂಸನ್ನು ಎತ್ತಿಕೊಂಡು, "ಸುಳ್ಳು ಹೇಳಾವ ಒಬ್ಬ ಸಾಕು ನಮ್ಮ ಮನ್ಯಾಗ," ಎಂದಳು.

ಜನನ ಬರೆಸಲು ನಾನೇ ಹೋದೆ. ಕುಲಕರ್ಣಿ ಲೆಕ್ಕಣಿಕೆಯನ್ನು ಮಸಿಯಲ್ಲಿ ಅದ್ದಿದರು. "ಏನಂತ ಬರೀಲಿ, ತಂಗೀ?"

"ಹೆಣ್ಣು," ಎಂದೆ.

ಒಂದು ವರ್ಷ ಜೋಳ, ಒಂದು ಸೀರೆ ಬಂತು. ಆಮೇಲೆ ಅದೂ ನಿಂತಿತು. ಅತ್ತೆಯೂ ನಾನೂ ಕಂಡವರ ಹೊಲದಲ್ಲಿ ಕಳೆ ತೆಗೆದು ಮಗಳನ್ನು ಬೆಳೆಸಿದೆವು. ಹೊಲ ಹೇಗೆ ಹೋಯಿತೆಂದು ಅವಳಿಗೆ ಹೇಳಿದ್ದೇನೆ. ಬಸುರಿಯಿದ್ದಾಗ ನಾನು ದೇವರಲ್ಲಿ ಏನು ಬೇಡಿದ್ದೆ ಎಂಬುದನ್ನು ಮಾತ್ರ ಇನ್ನೂ ಹೇಳಿಲ್ಲ.